ಟ್ಯಾಂಕ್ ಎಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆ

ಓಡುತ್ತ ಓಡುತ್ತ ಕಾರಿನ ತೂಕದಲ್ಲಿ ಕರಗುವುದು ಮುಖ್ಯವಾಗಿ ಒಂದೇ: ಪೆಟ್ರೋಲ್. ಲೀಟರಿಗೆ ಅದರ ತೂಕ ಸುಮಾರು ಮುಕ್ಕಾಲು ಕೆ.ಜಿ. ಪೇಟೆಗೆ ಹೋಗಿಬರುವ ಕಾರಿನಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಿಂದಿನ ಕಾಲದ ರೇಸ್ ಕಾರುಗಳು ದೊಡ್ಡ ಟ್ಯಾಂಕನ್ನು ಬಾಲದಲ್ಲಿ ಹೊತ್ತು ಹೊರಡುತ್ತಿದ್ದವು. ಹೊರಡುವಾಗ ಹಿಂಭಾಗ ಭಾರ, ಮುಗಿಯುವ ಹೊತ್ತಿಗೆ ಹಗುರ. ಅದೇ ತಿರುವಿನಲ್ಲಿ ಅದೇ ಕಾರು ಬೇರೆಯೇ ರೀತಿ ವರ್ತಿಸುತ್ತಿತ್ತು. ಇಟಲಿಯ ಹಳೆಯ ಕಾರುಗಳನ್ನು ನಾನು ಮೆಚ್ಚುವುದು ಮೈಮಾಟಕ್ಕಷ್ಟೇ ಅಲ್ಲ. ಈ ತೊಡಕಿಗೆ ಅಲ್ಲಿನ ಎಂಜಿನಿಯರುಗಳು ಹುಡುಕಿದ ಬಗೆಬಗೆಯ ಉತ್ತರಗಳಿಗೂ ಹೌದು.

ಎಲ್ಲಕ್ಕಿಂತ ದಿಟ್ಟ ಉತ್ತರ ವಿತ್ತೋರಿಯೊ ಯಾನೊ ಅವರದು. 1954ರ ಅಕ್ಟೋಬರಿನಲ್ಲಿ ಸ್ಪೇನ್ ಗ್ರ್ಯಾನ್ ಪ್ರೀಗೆ ಬಂದ ಅವರ ಲಾನ್ಚಾ ಡಿ50 ಕಾರಿನಲ್ಲಿ ಪೆಟ್ರೋಲ್ ಇದ್ದದ್ದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ದೇಹದಿಂದ ಹೊರಚಾಚಿದ ಎರಡು ಪೆಟ್ಟಿಗೆಗಳಲ್ಲಿ. ಹೇರೆತ್ತಿನ ಬೆನ್ನ ಮೇಲಿನ ಹೇರಿನಂತೆ ಎಡಕ್ಕೊಂದು, ಬಲಕ್ಕೊಂದು. ಭಾರ ನಟ್ಟನಡುವೆ ಕೂತಿದ್ದರಿಂದ ಪೆಟ್ರೋಲ್ ಎಷ್ಟೇ ಖಾಲಿಯಾದರೂ ಮುಂದು ಹಿಂದಿನ ತೂಗಾಟ ಹೆಚ್ಚು ಬದಲಾಗುತ್ತಿರಲಿಲ್ಲ. ಚಕ್ರಗಳ ನಡುವಿನ ಗಾಳಿಯ ಗೊಂದಲವೂ ತಗ್ಗಿತು. ಮೊದಲ ರೇಸಿನಲ್ಲೇ ಆಲ್ಬರ್ಟೊ ಅಸ್ಕಾರಿ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟರು.

1955ರ ಮೇ ತಿಂಗಳಲ್ಲಿ ಅಸ್ಕಾರಿ ಮೋಂಜಾದಲ್ಲಿ ತೀರಿಕೊಂಡರು. ಹಣದ ಮುಗ್ಗಟ್ಟಿನಲ್ಲಿದ್ದ ಲಾನ್ಚಾ ತನ್ನ ರೇಸ್ ಕಾರುಗಳನ್ನು ಫೆರಾರಿಗೆ ಒಪ್ಪಿಸಿತು. ಅಲ್ಲಿ ಪೆಟ್ರೋಲ್ ಮತ್ತೆ ಬಾಲಕ್ಕೆ ಹೋಯಿತು. ಪಕ್ಕದ ಪೆಟ್ಟಿಗೆಗಳು ಮೈಗಂಟಿದ ಹೊದಿಕೆಗಳಾದವು. 1956ರಲ್ಲಿ ಆ ಕಾರಿನಲ್ಲೇ ಫ್ಯಾಂಜಿಯೊ ವಿಶ್ವ ಚಾಂಪಿಯನ್ ಆದರು, ನಿಜ. ಆದರೂ ಯಾನೊ ಅವರ ಲೆಕ್ಕ ತಪ್ಪೆಂದು ಅದರಿಂದ ಸಾಬೀತಾಯಿತು ಎಂದು ನಾನು ಒಪ್ಪುವುದಿಲ್ಲ.

ಏಕೆಂದರೆ ಹತ್ತು ವರ್ಷಗಳ ನಂತರ ರಸ್ತೆಯ ಕಾರೊಂದು ಅದೇ ಪಾಠವನ್ನು ಮತ್ತೆ ಕಲಿಯಬೇಕಾಯಿತು. 1966ರ ಲ್ಯಾಂಬೊರ್ಗಿನಿ ಮಿಯೂರಾದಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ ಸೀಟುಗಳ ಹಿಂದೆ ಅಡ್ಡಡ್ಡ ಕೂತಿತ್ತು. ಟ್ಯಾಂಕ್ ಮೂತಿಗೆ ಹೋಯಿತು. ಪೆಟ್ರೋಲ್ ಹಾಕುವ ಬಾಯಿ ಬಾನೆಟ್ ಮೇಲಿನ ಕಪ್ಪು ಪಟ್ಟಿಗಳ ಅಡಿಯಲ್ಲಿ ಅಡಗಿತ್ತು. ನೋಡಲು ಬಲು ಚೆಂದ. ಆದರೆ ಟ್ಯಾಂಕ್ ಬರಿದಾದಂತೆ ಮೂತಿ ಹಗುರಾಗಿ, ಭಾರಿ ವೇಗದಲ್ಲಿ ಗಾಳಿ ಅದನ್ನು ಮೇಲೆತ್ತತೊಡಗುತ್ತಿತ್ತು. ಸ್ಟೇರಿಂಗ್ ಹಿಡಿತ ಸಡಿಲವಾಗುತ್ತಿತ್ತು. ಅದರ ಉತ್ತರಾಧಿಕಾರಿ ಕೌಂಟಾಕ್‌ನಲ್ಲಿ ಪಾವೊಲೊ ಸ್ತಾನ್ಜಾನಿ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ, ಗೇರ್‌ಬಾಕ್ಸನ್ನು ಅದರ ಮುಂದೆ ಸೀಟುಗಳ ನಡುವೆ ತಂದರು. ಟ್ಯಾಂಕ್ ಎರಡಾಗಿ ಕಾರಿನ ಎಡಬಲಕ್ಕೆ ಸೇರಿತು. ಯಾನೊ ಹೇಳಿದ್ದ ಮಾತೇ, ಹೊಸ ಮೈಯಲ್ಲಿ.

ಜಾಗದಷ್ಟೇ ಅಳತೆಯೂ ಕಥೆ ಹೇಳುತ್ತದೆ. ಆಲ್ಫಾ ರೋಮಿಯೊದ ಸಾಮಾನ್ಯ ಜ್ಯೂಲಿಯೆತ್ತಾ ಸ್ಪ್ರಿಂಟ್ ಟ್ಯಾಂಕ್ 53 ಲೀಟರ್. 1956ರ ವೆಲೋಚೆ ಮಾದರಿಯಲ್ಲಿ ಅದು 80. ತೂಕ ಇಳಿಸಲೆಂದು ಬಾಗಿಲಿಗೆ ಅಲ್ಯೂಮಿನಿಯಂ, ಪಕ್ಕದ ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಕಿದ ಕಾರು, ಟ್ಯಾಂಕಿನಲ್ಲಿ ಮಾತ್ರ ತೂಕ ಏರಿಸಿಕೊಂಡಿತು! ಕಾರಣ ಮಿಲ್ಲೆ ಮಿಲಿಯಾ ಎಂಬ ರಸ್ತೆ ರೇಸ್: ಬ್ರೆಷಾದಿಂದ ರೋಮಿಗೆ, ಮತ್ತೆ ಬ್ರೆಷಾಕ್ಕೆ, ಸುಮಾರು 1,600 ಕಿ.ಮೀ. ಬಂಕಿನಲ್ಲಿ ನಿಲ್ಲುವ ಒಂದೊಂದು ನಿಮಿಷವೂ ನಷ್ಟ. ಇಂದು ಇಂಥ ಕಾರನ್ನು ಕೊಳ್ಳುವವರು ಎಂಜಿನ್ ನಂಬರಿನಷ್ಟೇ ಶ್ರದ್ಧೆಯಿಂದ ಡಿಕ್ಕಿಯನ್ನೂ ತೆರೆದು ನೋಡಬೇಕು. ದೊಡ್ಡ ಟ್ಯಾಂಕ್ ತೆಗೆದು ಸಣ್ಣದನ್ನು ಕೂರಿಸಿದರೆ ಕಾರು ಓಡೀತು. ಆದರೆ ಅದು ಯಾವುದಕ್ಕಾಗಿ ಹುಟ್ಟಿತೋ ಆ ಗುರುತು ಅಳಿಸಿಹೋಗುತ್ತದೆ.

ಬಡವರ ಕಾರುಗಳಲ್ಲಿ ಲೆಕ್ಕ ವೇಗದ್ದಲ್ಲ, ಖರ್ಚಿನದು. ದಾಂತೆ ಜಕೋಸಾ 1936ರ ಫಿಯೆಟ್ ತೊಪೊಲೀನೊದಲ್ಲಿ ಟ್ಯಾಂಕನ್ನು ಎಂಜಿನ್ನಿಗಿಂತ ಎತ್ತರದಲ್ಲಿ, ಡ್ಯಾಶ್‌ಬೋರ್ಡಿನ ಬಳಿ ಇಟ್ಟರು. ಪೆಟ್ರೋಲ್ ತಾನಾಗಿ ಕಾರ್ಬುರೇಟರಿಗೆ ಇಳಿಯುತ್ತಿತ್ತು. ಪಂಪಿನ ಖರ್ಚೇ ಉಳಿಯಿತು. 1957ರ ಹೊಸ ಫಿಯೆಟ್ 500ರಲ್ಲಿ ಎಂಜಿನ್ ಹಿಂದಕ್ಕೆ ಹೋಯಿತು, ಪಂಪು ಬಂತು, ಟ್ಯಾಂಕ್ ಮುಂದಿನ ಬಾನೆಟ್ ಅಡಿಯಲ್ಲೇ ಉಳಿಯಿತು. ಆದರೆ ಸಾಮಾನಿಗೆ ಜಾಗವೇ ಇಲ್ಲವಾಯಿತು. 1960ರ 500 ಡಿ ಮಾದರಿಯಲ್ಲಿ ಟ್ಯಾಂಕಿನ ಆಕಾರವನ್ನೇ ಬದಲಿಸಿ, ಒಂದಿಷ್ಟು ಚೀಲ ಇಡುವಷ್ಟು ಜಾಗ ಬಿಡಿಸಿಕೊಟ್ಟರು.