ಒಂದೇ ಬಾಟಲಿಯಲ್ಲಿ ಇಡೀ ಜೇನುಗೂಡು

ಚೆನ್ನೈನ ಸಾವಯವ ಅಂಗಡಿಗಳಲ್ಲಿ ಈಗ ಬರೀ ಜೇನುತುಪ್ಪವಲ್ಲ, ಪರಾಗ, ಪ್ರೊಪೊಲಿಸ್, ರಾಯಲ್ ಜೆಲ್ಲಿ ಬೆರೆಸಿದ, ಕಾಯಿಸದ ಜೇನೂ ಸಿಗುತ್ತದೆ. ಬೆಲೆ ಹೆಚ್ಚು, ಬೇಡಿಕೆಯೂ ಇದೆ. ಕೊಳ್ಳುವ ಮುನ್ನ ಇವೆಲ್ಲ ಎಲ್ಲಿಂದ ಬರುತ್ತವೆ ಎಂದು ತಿಳಿದಿರುವುದು ಒಳ್ಳೆಯದು. ಇವು ಒಂದೇ ಗೂಡಿನವಾಗಿರುವುದು ಅಪರೂಪ.

ತಮಿಳುನಾಡಿನಲ್ಲಿ ಜೇನೆಂದರೆ ಮೊದಲು ನೆನಪಾಗುವುದು ಕನ್ಯಾಕುಮಾರಿ ಜಿಲ್ಲೆಯ ಮಾರ್ತಾಂಡಂ. ವೈಎಂಸಿಎ ಪರವಾಗಿ 1924ರಲ್ಲಿ ಅಲ್ಲಿ ಗ್ರಾಮ ಪುನರ್ನಿರ್ಮಾಣ ಕೇಂದ್ರ ಕಟ್ಟಿದ ಅಮೆರಿಕದ ಸ್ಪೆನ್ಸರ್ ಹ್ಯಾಚ್, ರೈತರಿಗೆ ಪೆಟ್ಟಿಗೆಯಲ್ಲಿ ಜೇನು ಸಾಕುವುದನ್ನು ಕಲಿಸಿದರು. ಅಲ್ಲಿನ ತುಪ್ಪದ ಬಹುಪಾಲು ರಬ್ಬರ್ ತೋಟದ್ದು. ಎಲೆ ಉದುರಿ ಹೊಸ ಚಿಗುರು ಬರುವ ಬೇಸಿಗೆಯ ಮೊದಲಲ್ಲಿ ರಬ್ಬರ್ ಎಲೆಯ ತೊಟ್ಟಿನ ತುದಿಯಲ್ಲಿ ಸಿಹಿರಸ ಜಿನುಗುತ್ತದೆ. ಹೂವಿನ ಹಂಗಿಲ್ಲದ ರಸವಾದ್ದರಿಂದ ಅದರಲ್ಲಿ ಪರಾಗ ಕಡಿಮೆ. ಬೇಕೆಂದರೆ ಬೇರೆ ಕಡೆಯದನ್ನು ಬೆರೆಸಬೇಕು.

ಪರಾಗ ಹಿಡಿಯಲು ಪೆಟ್ಟಿಗೆಯ ಬಾಗಿಲಿಗೆ ಸುಮಾರು 5 ಮಿ.ಮೀ. ತೂತುಗಳ ತಗಡು ಹಾಕುತ್ತಾರೆ. ಹಿಂಗಾಲಿನಲ್ಲಿ ಉಂಡೆ ಹೊತ್ತು ಬಂದ ನೊಣ ಮೈ ಕುಗ್ಗಿಸಿ ಒಳನುಗ್ಗುವಾಗ ಉಂಡೆ ಕಳಚಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಒಣಗಿಸದೆ ಬೆರೆಸಿದರೆ ಅದರ ನೀರು ಜೇನಿಗೆ ಸೇರುತ್ತದೆ. ನೀರಿನಂಶ ಶೇ 20 ದಾಟಿದ ಜೇನು ಹುಳಿಯೇರುವ ಸಂಭವ ಹೆಚ್ಚು.

ಪ್ರೊಪೊಲಿಸ್ ಎಂದರೆ ಗೂಡಿನ ಬಿರುಕು ಮುಚ್ಚಲು ನೊಣಗಳು ಮರಗಳಿಂದ ತರುವ ಅಂಟು. ನಮ್ಮ ತುಡುವೆ ಜೇನು ಇದನ್ನು ಬಳಸುವುದಿಲ್ಲವೆಂದೇ ಹೇಳಬೇಕು. ಇಟಾಲಿಯನ್ ಜೇನಿಗೆ ಮಾತ್ರ ಇದು ಬೇಕೇ ಬೇಕು. ರಾಯಲ್ ಜೆಲ್ಲಿ ಎಳೆಯ ಕೆಲಸಗಾರ ನೊಣಗಳು ಸ್ರವಿಸುವ ಆಹಾರ. ಒಂದು ರಾಣಿಕೋಶದಲ್ಲಿ ಅರ್ಧ ಗ್ರಾಮೂ ಇರುವುದಿಲ್ಲ, ತಣ್ಣಗಿಡದಿದ್ದರೆ ಬೇಗ ಕೆಡುತ್ತದೆ. ಅಗ್ಗದ ಬಾಟಲಿಯಲ್ಲಿ ಅದೆಷ್ಟು ಇದ್ದೀತು ಎಂದು ಲೆಕ್ಕ ಹಾಕಿ.

ರಾಯಲ್ ಜೆಲ್ಲಿ ಬಿಟ್ಟು ಈ ಬೆರಕೆಯ ಉಳಿದೆಲ್ಲವನ್ನೂ ಒಂದೇ ಗೂಡಿನಲ್ಲಿ ಕೂಡಿಡುವ ಜೇನೊಂದು ನಮ್ಮಲ್ಲೇ ಇದೆ. ದಕ್ಷಿಣ ಕನ್ನಡ, ಕಾಸರಗೋಡಿನವರು ಅದನ್ನು ಮುಜಂಟಿ ಎನ್ನುತ್ತಾರೆ. ಮಲೆನಾಡಿನವರಿಗೆ ಅದು ಮಿಸ್ರಿ. ಸೊಳ್ಳೆಗಿಂತ ಸ್ವಲ್ಪ ದಪ್ಪ, ಕುಟುಕುವುದಿಲ್ಲ. ಮಣ್ಣಿನ ಗೋಡೆಯ ಸಂದಿಯಲ್ಲಿ, ಬಿದಿರಿನ ಅಂಡೆಯಲ್ಲಿ ಮೇಣಕ್ಕೆ ಮರದ ಅಂಟು ಕಲಸಿ ಪುಟ್ಟ ಕುಡಿಕೆಗಳನ್ನು ಕಟ್ಟುತ್ತದೆ. ಒಂದು ಕುಡಿಕೆಯಲ್ಲಿ ತುಪ್ಪ, ಪಕ್ಕದ್ದರಲ್ಲಿ ಪರಾಗ. ಹಿಂಡಿದಾಗ ತುಪ್ಪ, ಪರಾಗ, ಅಂಟು ಮೂರೂ ಬೆರೆತು ಕಂದುಬಣ್ಣದ, ತೆಳುವಾದ, ಹುಳಿಮಿಶ್ರಿತ ಒಗರಿನ ತುಪ್ಪ ಬರುತ್ತದೆ. ಗೂಡೊಂದಕ್ಕೆ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಮು ಮಾತ್ರ. ಅದಕ್ಕೇ ಮನೆಮದ್ದಿಗೆಂದು ಚಿಕ್ಕ ಸೀಸೆಯಲ್ಲಿ ಜೋಪಾನ ಮಾಡಿಡುತ್ತಾರೆ. ರುಚಿಯಲ್ಲಿ ಇದಕ್ಕೆ ಸಾಟಿಯಾದ ಕಾರ್ಖಾನೆಯ ಮಿಶ್ರಣವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯ ಬಾಟಲಿ ಕೊಳ್ಳುವವರು ಯಾವ ನೊಣದ್ದು, ಯಾವ ಊರಿನದು, ಯಾವುದು ಎಷ್ಟು ಗ್ರಾಮು ಬೆರೆತಿದೆ ಎಂಬುದನ್ನು ಚೀಟಿಯಲ್ಲಿ ಓದಿ, ಬರೆದಿಲ್ಲದಿದ್ದರೆ ಕೇಳಿ. ಆಸ್ತಮಾ ಅಥವಾ ಪರಾಗದ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ವರ್ಷ ತುಂಬದ ಮಗುವಿಗಂತೂ ಯಾವ ಜೇನನ್ನೂ ನೆಕ್ಕಿಸಬೇಡಿ.