ಐದು ನಿಮಿಷದ ಬೆಂಕಿ

ಅಲ್ಯೂಮಿನಿಯಂ ನೈಟ್ರೇಟನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ, 500 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕುಲುಮೆಯೊಳಗೆ ಇಟ್ಟರು. ನೀರು ಕುದಿದು ಆರಿತು. ಉಳಿದದ್ದು ಹಾಲಿನ ಹಾಗೆ ನೊರೆಗಟ್ಟಿ ಉಕ್ಕಿತು. ಮರುಕ್ಷಣ ತಾನಾಗಿಯೇ ಹೊತ್ತಿಕೊಂಡು ಪ್ರಖರವಾಗಿ ಉರಿಯಿತು. ಐದು ನಿಮಿಷದೊಳಗೆ ಎಲ್ಲ ಮುಗಿದು, ಪಾತ್ರೆಯ ತುಂಬ ಹಗುರವಾದ ಬಿಳಿಯ ವಸ್ತು ನಿಂತಿತ್ತು. ಪರೀಕ್ಷಿಸಿದರೆ ಅದು ಆಲ್ಫಾ ಅಲ್ಯೂಮಿನಾ! ಸಾಮಾನ್ಯವಾಗಿ ಸಾವಿರ ಡಿಗ್ರಿ ಮೀರಿದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಮಾತ್ರ ಸಿಗುವಂಥದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ ಮತ್ತು ಜೆ. ಜೆ. ಕಿಂಗ್ಸ್ಲಿ ಕಂಡ ಈ ಆಕಸ್ಮಿಕ 1988ರಲ್ಲಿ ಪ್ರಕಟವಾಯಿತು. ನೈಟ್ರೇಟು ಆಮ್ಲಜನಕ ಒದಗಿಸುತ್ತದೆ, ಯೂರಿಯಾ ಇಂಧನವಾಗುತ್ತದೆ. ಒಮ್ಮೆ ಹೊತ್ತಿಕೊಂಡ ಮೇಲೆ ಬೇಕಾದ ಶಾಖವೆಲ್ಲ ಮಿಶ್ರಣದೊಳಗಿಂದಲೇ ಹುಟ್ಟುತ್ತದೆ. ನನ್ನ ಕಣ್ಣಿಗೆ ಇದರ ನಿಜವಾದ ಸೊಗಸು ಬೆಂಕಿಯ ಆತುರದಲ್ಲಿದೆ. ಕಣಗಳಿಗೆ ಬೆಳೆದು ದಪ್ಪವಾಗಲು ಸಮಯವೇ ಸಿಗುವುದಿಲ್ಲ. ಭುಗ್ಗೆಂದು ಹೊರನುಗ್ಗುವ ಅನಿಲಗಳು ಅವನ್ನು ಒಂದಕ್ಕೊಂದು ಅಂಟಿಕೊಳ್ಳಲೂ ಬಿಡುವುದಿಲ್ಲ.

ಈ ಬೆಂಕಿಗೂ, ಬಟ್ಟೆಯ ಬಣ್ಣ ಬೆರೆತ ಕೊಳೆನೀರನ್ನು ತಿಳಿಗೊಳಿಸುವ ಕೆಲಸಕ್ಕೂ ನಂಟು ಬೆಳೆದದ್ದು ಆಮೇಲೆ. ಆ ನಂಟಿನ ಇನ್ನೊಂದು ಎಳೆ ಹಳೆಯದು: ಜಪಾನಿನಲ್ಲಿ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನೇ ಒಡೆಯಬಲ್ಲದೆಂದು 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. 1985ರಲ್ಲಿ ಮತ್ಸುನಾಗಾ ಮತ್ತು ಸಂಗಡಿಗರು, ಪ್ಲಾಟಿನಂ ಸೇರಿಸಿದ ಅದೇ ಪುಡಿ ಬೆಳಕಿನಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದನ್ನು ತೋರಿಸಿದರು. ಬೆಳಕು ಕಣದೊಳಗಿನ ಎಲೆಕ್ಟ್ರಾನನ್ನು ಮೇಲೆಬ್ಬಿಸುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ನೀರಿನೊಡನೆ ಸೇರಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ. ಬಣ್ಣದ ಅಣುವಾಗಲಿ, ಬ್ಯಾಕ್ಟೀರಿಯಾದ ಹೊರಪೊರೆಯಾಗಲಿ, ಎದುರು ಸಿಕ್ಕಿದ್ದನ್ನು ಅದು ಛಿದ್ರ ಮಾಡುತ್ತದೆ.

ತೊಡಕು ಒಂದೇ. ಅನಟೇಸ್ ರೂಪದ ಈ ಆಕ್ಸೈಡಿಗೆ ನೇರಳಾತೀತ ಬೆಳಕೇ ಬೇಕು, ಬಿಸಿಲಿನಲ್ಲಿ ಅದರ ಪಾಲು ಶೇ. 5ರಷ್ಟು ಮಾತ್ರ.

ಪಾಟೀಲರ ಬೆಂಕಿಯನ್ನು ಅದೇ ಸಂಸ್ಥೆಯ ಎಂ. ಎಸ್. ಹೆಗಡೆ, ಗಿರಿಧರ್ ಮದ್ರಾಸ್, ಕೆ. ನಾಗವೇಣಿ ಮೊದಲಾದವರು ಟೈಟಾನಿಯಂಗೆ ಹಚ್ಚಿದರು. ಟೈಟಾನಿಲ್ ನೈಟ್ರೇಟಿನ ಜೊತೆಗೆ ಇಂಧನವಾಗಿ ಗ್ಲೈಸಿನ್, ಕುಲುಮೆಯ ಬಿಸಿ 350 ಡಿಗ್ರಿ. ಸಿಕ್ಕ ಕಣಗಳು 8–10 ನ್ಯಾನೋಮೀಟರಿನವು. ಮೆಥಿಲೀನ್ ಬ್ಲೂ ಮುಂತಾದ ಬಣ್ಣಗಳ ದ್ರಾವಣದಲ್ಲಿ ಬೆರೆಸಿ ಬಿಸಿಲಿಗಿಟ್ಟಾಗ, ಜಗತ್ತಿನ ಪ್ರಯೋಗಾಲಯಗಳು ಮಾನದಂಡವೆಂದು ಬಳಸುವ ಡೆಗುಸ್ಸಾ ಪಿ-25 ಪುಡಿಗಿಂತ ಇದು ಬೇಗ ಬಣ್ಣವನ್ನು ಒಡೆಯಿತು. ಈ ಫಲಿತಾಂಶಗಳು 2003–04ರಲ್ಲಿ ಪ್ರಕಟವಾದವು.

ಕಾರಣ ಹುಡುಕಿದಾಗ ಸಿಕ್ಕಿದ್ದು ಸಣ್ಣ ಕಣಗಳ ದೊಡ್ಡ ಮೇಲ್ಮೈ, ಅದಕ್ಕೆ ಅಂಟಿಕೊಂಡ ಹೈಡ್ರಾಕ್ಸಿಲ್ ಗುಂಪುಗಳು. ಇನ್ನೊಂದು ಯಾರೂ ಬೇಕೆಂದು ಹಾಕಿದ್ದಲ್ಲ: ಉರಿದ ಇಂಧನದ ಒಂದಿಷ್ಟು ಇಂಗಾಲ ಹರಳಿನೊಳಗೆ ಸೇರಿಕೊಂಡಿತ್ತು. ಆ ಇಂಗಾಲದಿಂದಾಗಿಯೇ ಪುಡಿ ಕಣ್ಣಿಗೆ ಕಾಣುವ ಬೆಳಕನ್ನೂ ಹೀರಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಶುದ್ಧಿಯ ಬೆನ್ನು ಹತ್ತುವ ರಸಾಯನಶಾಸ್ತ್ರದಲ್ಲಿ ಬೆಂಕಿಯ ಕಲಬೆರಕೆಯೇ ಗುಣವಾಗಿ ನಿಂತದ್ದು ನನಗೆ ಇಂದಿಗೂ ಅಚ್ಚರಿಯ ಸಂಗತಿ. ಮುಂದೆ ಇದೇ ವಿಧಾನದ ಪುಡಿಯನ್ನು ಇ. ಕೋಲಿ ಬ್ಯಾಕ್ಟೀರಿಯಾದ ಮೇಲೂ ಪ್ರಯೋಗಿಸಿದರು. ಅಲ್ಲೂ ಅದು ಕೆಲಸ ಮಾಡಿತು.

ಪ್ರಯೋಗಾಲಯದ ಬೀಕರಿನಿಂದ ಡೈಯಿಂಗ್ ಘಟಕದ ಹೊಂಡಕ್ಕೆ ಹೋಗುವ ದಾರಿ ಮಾತ್ರ ಸುಲಭದ್ದಲ್ಲ. ಕಡುಬಣ್ಣದ ನೀರಿನಲ್ಲಿ ಬೆಳಕು ಆಳಕ್ಕಿಳಿಯುವುದಿಲ್ಲ. ಇಷ್ಟು ನುಣ್ಣನೆಯ ಪುಡಿ ಬೇಗ ತಳಕ್ಕೆ ಕೂರುವುದೂ ಇಲ್ಲ, ಸಾಮಾನ್ಯ ಸೋಸುಬಟ್ಟೆಗೆ ಸಿಗುವುದೂ ಇಲ್ಲ. ಆದ್ದರಿಂದಲೇ ಈಗ ಅದನ್ನು ಗಾಜಿನ ಮೇಲೆ, ಹೆಂಚಿನ ಮೇಲೆ ಲೇಪಿಸುವ ಯತ್ನಗಳು ನಡೆದಿವೆ. ಹಾಗೆ ಲೇಪಿಸಿದಾಗ ನೀರಿಗೆ ತಾಗುವ ಮೇಲ್ಮೈ ಕುಗ್ಗಿ, ಕೆಲಸದ ವೇಗ ಇಳಿಯುತ್ತದೆ.