ನೋವು ಹಣೇಲಿ, ಮೂಲ ಕುತ್ತಿಗೇಲಿ!

ಸಂಜೆ ಐದಾಯಿತೆಂದರೆ ತಲೆ ಸಿಡಿತ. ಗಲ್ಲಾದ ಮುಂದೆ ಕತ್ತು ಬಗ್ಗಿಸಿ ಕೂತ ಅಂಗಡಿಯವರಿಗೂ ಅದೇ ಗೋಳು, ಬಸ್ಸಿನಲ್ಲಿ ಕಂಬಿ ಹಿಡಿದು ಜೋತಾಡುವವರಿಗೂ ಅದೇ. ಮದ್ದು? ಒಂದು ಸ್ಟ್ರಾಂಗ್ ಟೀ, ಒಂದು ಮಾತ್ರೆ. ನಾಳೆ ಮತ್ತೆ ಶುರು.

ಎಲ್ಲ ತಲೆನೋವೂ ತಲೆಯದ್ದಲ್ಲ. ಕತ್ತಿನ ಮೇಲ್ಭಾಗದ ಮೂರು ಜೊತೆ ನರಗಳೂ ಮುಖ, ಹಣೆಯ ನರವೂ ಸುದ್ದಿ ಮುಟ್ಟಿಸುವುದು ಮಿದುಳಿನ ಬುಡದಲ್ಲಿ ಒಂದೇ ಕಡೆ. ಅಲ್ಲಿ ವಿಳಾಸ ಅದಲುಬದಲಾಗಿ, ಕತ್ತಿನ ನೋವು ಹಣೆಯಲ್ಲಿ, ಕಣ್ಣಿನ ಹಿಂದೆ ಕಾಣಿಸುತ್ತದೆ. ಸಾಮಾನ್ಯವಾಗಿ ಒಂದೇ ಪಕ್ಕ. ಕತ್ತು ತಿರುಗಿಸಿದರೆ ಜಾಸ್ತಿ.

ಇಂಥವರಿಗೆ ಫಿಸಿಯೋಥೆರಪಿ ಕೆಲಸಕ್ಕೆ ಬರುತ್ತದೆ. "ಅದು ಕೈಕಾಲು ಮುರಿದವರಿಗಲ್ಲವೇನ್ರೀ?" ಅನ್ನುವವರೇ ಹೆಚ್ಚು. ಆಸ್ಟ್ರೇಲಿಯಾದ ಗ್ವೆನ್ ಜುಲ್ ತಂಡ 200 ಮಂದಿಯ ಮೇಲೆ ಪರೀಕ್ಷೆ ಮಾಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಆರು ವಾರ ಕೈಚಿಕಿತ್ಸೆಯನ್ನೋ ವ್ಯಾಯಾಮವನ್ನೋ ಪಡೆದವರಿಗೆ ಇಳಿದ ನೋವು ವರ್ಷದ ನಂತರವೂ ಇಳಿದೇ ಇತ್ತು. ವ್ಯಾಯಾಮ ಅಂದರೆ ಗರಡಿಮನೆ ಸಾಮು ಅಲ್ಲ. ಅಂಗಾತ ಮಲಗಿ, 'ಹೂಂ' ಅಂದಂತೆ ಗದ್ದ ಮೆಲ್ಲಗೆ ಒಳಕ್ಕೆಳೆದು ಹತ್ತು ಸೆಕೆಂಡು ಹಿಡಿಯುವುದು. ಬೆವರೂ ಬಾರದು. ಆದರೆ ಮೊದಲು ಥೆರಪಿಸ್ಟರ ಹತ್ತಿರ ಕಲೀಬೇಕು. ಕ್ಷೌರದಂಗಡಿಯಲ್ಲಿ ಕತ್ತು 'ಲಟಕ್' ಅನ್ನಿಸಿಕೊಳ್ಳೋದು ಚಿಕಿತ್ಸೆಯಲ್ಲ, ಅಪಾಯ.

ಇನ್ನು ಮಾತ್ರೆ. ತಿಂಗಳಿಗೆ 15 ದಿನ, ಅದಕ್ಕೂ ಮೇಲೆ, ಹೀಗೆ ಮೂರು ತಿಂಗಳು ದಾಟಿ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು. ಅರೆತಲೆನೋವಿನವರು ಫಿಸಿಯೋಥೆರಪಿ ಒಂದನ್ನೇ ನಂಬಿ ಕೂರುವಂತಿಲ್ಲ. ಹಠಾತ್ ಸಿಡಿಲು ಬಡಿದಂಥ ನೋವು, ಜ್ವರದ ಜೊತೆ ಕತ್ತು ಸೆಟೆಯುವುದು, ಕೈಕಾಲು ಸೋಲುವುದು ಕಂಡರೆ ನೇರ ಆಸ್ಪತ್ರೆಗೆ, ಅಂಗಡಿ ಬಾಗಿಲು ಹಾಕಿಯಾದರೂ ಸರಿ.